ಮೊದಲು ಎರಡು ನಿಮಿಷದ ಪಾಠ ಮಾಡಿ

ಆಫೀಸಿಗೆ ಹೊಸದಾಗಿ ಸೇರಿದವರಿಗೆ ಕೆಲಸ ಕಲಿಸಲು ವಿಡಿಯೊ ಕೈಪಿಡಿ ಮಾಡಬೇಕೆಂದಿದ್ದೀರಾ? ರೆಕಾರ್ಡ್ ಮಾಡುವ ಸಾಫ್ಟ್‌ವೇರ್‌ನ ಎಲ್ಲ ಮೆನುಗಳನ್ನೂ ಅರೆದು ಕುಡಿದ ಮೇಲೆ ಶುರು ಮಾಡೋಣ ಎಂದು ಕಾಯಬೇಡಿ. ರಜೆ ಅರ್ಜಿ ತುಂಬುವಂಥ ಒಂದು ಚಿಕ್ಕ ಕೆಲಸ ಹಿಡಿದು, ಎರಡು ನಿಮಿಷದ ಪಾಠ ಮಾಡಿ ಮುಗಿಸಿ. ಬೇಕಾದ ಗುಂಡಿಗಳು ಆಗ ತಾವಾಗಿಯೇ ಕಣ್ಣಿಗೆ ಬೀಳುತ್ತವೆ.

ಪರದೆ ರೆಕಾರ್ಡ್ ಮಾಡಲು ಒಬಿಎಸ್ ಸ್ಟುಡಿಯೊ ಸಾಕು, ದುಡ್ಡು ಕೊಡಬೇಕಾಗಿಲ್ಲ. ಅದರಲ್ಲಿ ಮೊದಲು ಗಮನಿಸಬೇಕಾದ್ದು ಧ್ವನಿಯ ಮಟ್ಟ ತೋರಿಸುವ ಪಟ್ಟಿ. ಮಾತಾಡುವಾಗ ಅದು ಹಳದಿ ಭಾಗದಲ್ಲಿ ಆಡುತ್ತಿರಬೇಕು, ಕೆಂಪು ಮುಟ್ಟಬಾರದು. ಚಿತ್ರ ಸ್ವಲ್ಪ ಮಸುಕಾದರೂ ಜನ ಸಹಿಸಿಕೊಳ್ಳುತ್ತಾರೆ, ಒಡೆದ ದನಿಯನ್ನಲ್ಲ. ಫೈಲನ್ನು ಎಂಕೆವಿ ಮಾದರಿಯಲ್ಲಿ ಉಳಿಸಿ. ನಡುವೆ ಕರೆಂಟು ಹೋದರೂ ಅಲ್ಲಿಯವರೆಗಿನದು ಸಾಮಾನ್ಯವಾಗಿ ಉಳಿಯುತ್ತದೆ (ನಮ್ಮೂರುಗಳಲ್ಲಿ ಇದೇನು ಸಣ್ಣ ಮಾತಲ್ಲ). ಆಮೇಲೆ ಒಬಿಎಸ್‌ನ ಫೈಲ್ ಮೆನುವಿನಲ್ಲೇ ಎಂಪಿ4 ಮಾಡಿಕೊಳ್ಳಬಹುದು.

ಕನ್ನಡ ಅಡಿಬರಹ ಹಾಕುವವರಿಗೆ ಇನ್ನೊಂದು ಮಾತು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಪರದೆ ತುಂಬ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಮೊದಲು ಯೂನಿಕೋಡ್‌ಗೆ ಬದಲಿಸಿ. ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ಎಂದು ಮೊಬೈಲಿನಲ್ಲೂ ನೋಡಿ. ಕಲಿಯುವವರಲ್ಲಿ ಎಷ್ಟೋ ಜನ ನೋಡುವುದು ಅಲ್ಲೇ.