ಹಳೆಯ ಕಾರಿನ ದೊಡ್ಡ ದುರಸ್ತಿ: ವೆಚ್ಚದ ಅಂದಾಜು ಹೇಗೆ?

ನಮ್ಮ ವ್ಯಾಪಾರಸ್ಥರಲ್ಲಿ ಅನೇಕರ ಬಳಿ ಹನ್ನೆರಡು, ಹದಿನಾಲ್ಕು ವರ್ಷ ದುಡಿದ ಕಾರೊಂದು ಇರುವುದು ಸಾಮಾನ್ಯ. ಉಡುಪಿಯ ಅಂಗಡಿಗೂ ಮಣಿಪಾಲದ ಬ್ಯಾಂಕಿಗೂ ಕಾರ್ಕಳದ ವಸೂಲಿಗೂ ಅದೇ ವಾಹನ. ಅದು ಹೊಗೆಯುಗುಳಲಾರಂಭಿಸಿ, ಗ್ಯಾರೇಜಿನವರು ‘ಇಂಜಿನ್ ಬಿಚ್ಚಬೇಕು’ ಎಂದಾಗ ಮಾಲೀಕರು ಕೇಳುವುದು ‘ಎಷ್ಟಾಗುತ್ತದೆ?’ ಎಂದು. ಅದಕ್ಕೂ ಮೊದಲು ಕೇಳಬೇಕಾದದ್ದು, ಈ ಖರ್ಚಿನಿಂದ ಇನ್ನೆಷ್ಟು ತಿಂಗಳ ಸೇವೆ ದೊರೆಯುವುದೆಂಬುದನ್ನು.

ಇದರ ಉತ್ತರವಿರುವುದು ಇಂಜಿನ್ನಿನಲ್ಲಲ್ಲ, ಕಾರಿನ ಅಡಿಯಲ್ಲಿ. ಕಾಪುವಿನಂತಹ ಕಡಲತೀರದ ಉಪ್ಪುಗಾಳಿಯೂ ನಮ್ಮ ದೀರ್ಘ ಮಳೆಗಾಲವೂ ತಗಡನ್ನು ಒಳಗಿನಿಂದಲೇ ತಿನ್ನುತ್ತವೆ. 2014ರಲ್ಲಿ ತಯಾರಿಕೆ ನಿಂತ ಮಾರುತಿ 800 ಸೇರಿದಂತೆ ಸಣ್ಣ ಕಾರುಗಳಿಗೆ ಪ್ರತ್ಯೇಕ ಚಾಸಿ ಇರುವುದಿಲ್ಲ. ಭಾರ ಹೊರುವುದು ಬಾಡಿಯೇ. ಆದುದರಿಂದ ಕಾರನ್ನು ಮೇಲೆತ್ತಿಸಿ, ನೆಲದ ತಗಡು, ಬಾಗಿಲ ಕೆಳಗಿನ ಅಂಚು ಹಾಗೂ ಸಸ್ಪೆನ್ಶನ್ ಕೂರುವ ಜಾಗಗಳನ್ನು ತಟ್ಟಿ ನೋಡಿಸಬೇಕು. ಅಲ್ಲಿ ತುಕ್ಕು ಆಳಕ್ಕಿಳಿದಿದ್ದರೆ ಹೊಸ ಪಿಸ್ಟನ್ನಿಗೆ ಹಣ ಹಾಕುವುದರಲ್ಲಿ ಅರ್ಥವಿಲ್ಲ.

ಬಾಡಿ ಗಟ್ಟಿಯಿದ್ದರೆ ಮುಂದಿನ ಹೆಜ್ಜೆ ಕಂಪ್ರೆಶನ್ ಪರೀಕ್ಷೆ. ಒತ್ತಡ ಕಡಿಮೆಯಿರುವ ಸಿಲಿಂಡರಿಗೆ ಸ್ವಲ್ಪ ಇಂಜಿನ್ ಆಯಿಲ್ ಬಿಟ್ಟು ಪುನಃ ಅಳೆದಾಗ ಒತ್ತಡ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ; ಏರದಿದ್ದರೆ ದೋಷ ಬಹುಮಟ್ಟಿಗೆ ವಾಲ್ವ್ ಇಲ್ಲವೇ ಗ್ಯಾಸ್ಕೆಟಿನದು. ಈ ಎರಡು ಕೆಲಸಗಳ ಖರ್ಚಿಗೆ ಅಜಗಜಾಂತರ. ಇಷ್ಟಾದರೂ ಬಿಚ್ಚುವ ಮುನ್ನ ನೀಡುವ ಎಸ್ಟಿಮೇಟು ಊಹೆಯೇ. ಈ ಲೇಖಕನೊಮ್ಮೆ ಅದನ್ನೇ ನಂಬಿ ಒಪ್ಪಿಗೆ ಕೊಟ್ಟು, ಲೇತಿನಲ್ಲಿ ಹೆಡ್ ಬಿರುಕು ಬಿಟ್ಟಿರುವುದು ತಿಳಿದ ಮೇಲೆ ಸುಮಾರು ಇಮ್ಮಡಿ ತೆತ್ತದ್ದುಂಟು. ಹೆಡ್ ಬಿಚ್ಚಿ ಅಳೆದ ಬಳಿಕ ಎರಡನೆಯ ಎಸ್ಟಿಮೇಟನ್ನು ಲಿಖಿತವಾಗಿ ಪಡೆದು, ಅನಂತರವೇ ಮುಂದುವರಿಯಲು ಹೇಳುವುದು ಲೇಸು.

ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ಬಿಡಿಭಾಗಗಳಿಗೆ 38,000 ರೂ., ಲೇತ್ ಮತ್ತು ಕೂಲಿ 17,000 ರೂ., ಒಟ್ಟು 55,000 ರೂ. ಶೇ. 18ರ ಜಿಎಸ್‌ಟಿ ಸೇರಿ 64,900 ರೂ. ಅನಿರೀಕ್ಷಿತಕ್ಕೆ ಐದನೇ ಒಂದು ಪಾಲು ಕೂಡಿಸಿದರೆ 77,880 ರೂ. ಕಾರನ್ನು ಇದ್ದ ಸ್ಥಿತಿಯಲ್ಲೇ ಮಾರಿದರೆ 40,000 ರೂ. ಬರುವುದಾದರೆ ಅದನ್ನೂ ಸೇರಿಸಬೇಕು (ಹಲವರು ಮರೆಯುವುದು ಇದನ್ನೇ): 1,17,880 ರೂ. ಮೂರು ವರ್ಷ ಓಡಿಸಿ 30,000 ರೂ.ಗೆ ಮಾರಿದರೆ ತಿಂಗಳಿಗೆ ಸುಮಾರು 2,441 ರೂ. ತುಕ್ಕಿನಿಂದಾಗಿ ಒಂದೇ ವರ್ಷ ಓಡಿ 20,000 ರೂ.ಗೆ ಗುಜರಿ ಸೇರಿದರೆ ತಿಂಗಳಿಗೆ 8,157 ರೂ. ಎಸ್ಟಿಮೇಟು ಒಂದೇ, ವೆಚ್ಚ ಮೂರು ಪಟ್ಟಿಗೂ ಮಿಗಿಲು.

ತೆರಿಗೆಯ ವಿಷಯದಲ್ಲಿ, ಬಿಡಿಭಾಗಗಳ ದರ 2025ರ ಸೆಪ್ಟೆಂಬರ್ 22ರಿಂದ ಏಕರೂಪವಾಗಿ ಶೇ. 18 ಆಗಿದೆ. ಆದರೆ ಚಾಲಕನೂ ಸೇರಿ 13 ಆಸನಗಳಿಗೆ ಮೀರದ ಪ್ರಯಾಣಿಕ ವಾಹನದ ದುರಸ್ತಿಗೆ, ಟ್ಯಾಕ್ಸಿಯಂತಹ ವಿನಾಯಿತಿಗಳ ಹೊರತು, ಇನ್‌ಪುಟ್ ಕ್ರೆಡಿಟ್ ಸಿಗದು. ಸರಕು ಸಾಗಿಸುವ ಟೆಂಪೊಗೆ ಈ ನಿರ್ಬಂಧವಿಲ್ಲ. ಸವೆತದಿಂದಾದ ಹಾನಿಯನ್ನು ವಿಮೆ ಭರಿಸುವುದಿಲ್ಲ. ಅಪಘಾತದಲ್ಲಿಯೂ ಹತ್ತು ವರ್ಷ ಮೀರಿದ ಕಾರಿನ ಲೋಹದ ಭಾಗಗಳಿಗೆ, ಸಾಮಾನ್ಯ ಪಾಲಿಸಿಯಡಿ, ಶೇ. 50ರಷ್ಟು ಸವಕಳಿ ಕಳೆಯುತ್ತಾರೆ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮತ್ತು ನವೀಕರಣ. ಈ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂ.ನಿಂದ 5,000 ರೂ.ಗೆ ಏರಿತು. ಆ ದಿನಾಂಕ ಸಮೀಪಿಸಿದ್ದರೆ ಶುಲ್ಕವನ್ನೂ, ತಪಾಸಣೆಗೆ ಬೇಕಾಗುವ ಟಿಂಕರಿಂಗ್ ಮತ್ತು ಪೇಂಟಿಂಗ್ ಖರ್ಚನ್ನೂ ಈ ಎಸ್ಟಿಮೇಟಿನಲ್ಲಿಯೇ ಹಿಡಿಯತಕ್ಕದ್ದು. ತೇವದ ತಗಡಿನ ಮೇಲೆ ಬಣ್ಣ ನಿಲ್ಲದ ಕಾರಣ ಈ ಕೆಲಸಗಳನ್ನು ಮೇ ತಿಂಗಳೊಳಗೆ ಮುಗಿಸಿಕೊಳ್ಳಬೇಕು.