ಏಳು ಮ್ಯಾಚು, ಎರಡು ತೋಳು

ಬೇಸ್‌ಬಾಲ್ ನೋಡೋರು ನಮ್ಮ ಕ್ಯಾಂಪಸ್ಸಲ್ಲಿ ಕಮ್ಮಿ. ಆದರೂ ಈ ಸಲ ಅದನ್ನೇ ತಗೊಂಡಿದ್ದೇವೆ. ಆಪರೇಟಿಂಗ್ ಸಿಸ್ಟಮ್ಸ್ ಕ್ಲಾಸಲ್ಲಿ ನಾವು ಓದೋ ಶೆಡ್ಯೂಲಿಂಗ್‌ಗೆ ಇದಕ್ಕಿಂತ ಚೆಂದದ ಉದಾಹರಣೆ ಸಿಗೋದು ಕಷ್ಟ.

ಮೊದಲು ಸ್ವಲ್ಪ ಬೇಸಿಕ್ಸ್. ಮ್ಯಾಚ್ ಶುರು ಮಾಡೋ ಪಿಚರ್‌ಗೆ ಸ್ಟಾರ್ಟರ್ ಅಂತಾರೆ. ಒಂದು ದಿನಕ್ಕೆ ಸುಮಾರು ನೂರು ಎಸೆತ. ಆಮೇಲೆ ಭುಜ, ಮೊಣಕೈ ಎರಡಕ್ಕೂ ರೆಸ್ಟ್ ಬೇಕೇ ಬೇಕು. ಅದಕ್ಕೇ 162 ಮ್ಯಾಚಿನ ಲೀಗ್ ಸೀಸನ್ನಲ್ಲಿ ಐದು ಜನ ಸ್ಟಾರ್ಟರ್‌ಗಳು ಸರದಿ ಮೇಲೆ ಬರ್ತಾರೆ, ಮಧ್ಯೆ ನಾಲ್ಕು ದಿನ ವಿಶ್ರಾಂತಿ. ಕ್ರಿಕೆಟ್ಟಲ್ಲಾದರೆ ಒಂದು ಸ್ಪೆಲ್ ಮುಗಿಸಿದ ಬೌಲರ್‌ನ ಸಂಜೆ ಮತ್ತೆ ಕರೀಬಹುದು. ಇಲ್ಲಿ ಒಮ್ಮೆ ಆಟದಿಂದ ತೆಗೆದರೆ ಆ ಮ್ಯಾಚಿಗೆ ಅವನ ಕಥೆ ಮುಗೀತು. 2025ರ ಇಂಗ್ಲೆಂಡ್ ಟೂರಲ್ಲಿ ಬುಮ್ರಾ ಐದರಲ್ಲಿ ಮೂರೇ ಟೆಸ್ಟ್ ಆಡಿದ್ದು ನೆನಪಿರಬಹುದು. ಅದೇ ಲೆಕ್ಕಾಚಾರ ಇಲ್ಲಿ ಪ್ರತಿದಿನ ನಡೆಯುತ್ತೆ.

ಈಗ 2001ರ ವರ್ಲ್ಡ್ ಸೀರೀಸ್‌ಗೆ ಬರೋಣ. ಒಂದು ಕಡೆ ಹಿಂದಿನ ಮೂರು ವರ್ಷವೂ ಗೆದ್ದಿದ್ದ ನ್ಯೂಯಾರ್ಕ್ ಯಾಂಕೀಸ್. ಇನ್ನೊಂದು ಕಡೆ ಹುಟ್ಟಿ ನಾಲ್ಕೇ ಸೀಸನ್ ಆಗಿದ್ದ ಅರಿಝೋನಾ ಡೈಮಂಡ್‌ಬ್ಯಾಕ್ಸ್. ಏಳು ಮ್ಯಾಚಲ್ಲಿ ಮೊದಲು ನಾಲ್ಕು ಗೆದ್ದವರಿಗೆ ಕಪ್. ಅರಿಝೋನಾದ 92 ಲೀಗ್ ಗೆಲುವುಗಳಲ್ಲಿ 43 ಇಬ್ಬರೇ ಪಿಚರ್‌ಗಳ ಹೆಸರಲ್ಲಿದ್ದವು: ಕರ್ಟ್ ಶಿಲ್ಲಿಂಗ್ 22, ರ‍್ಯಾಂಡಿ ಜಾನ್ಸನ್ 21. ಮಿಕ್ಕವರು ಅಷ್ಟಕ್ಕಷ್ಟೇ.

ಕ್ಯಾಲೆಂಡರ್ ಹೀಗಿತ್ತು: ಅಕ್ಟೋಬರ್ 27, 28, ಒಂದು ದಿನ ಪ್ರಯಾಣ, 30, 31, ನವೆಂಬರ್ 1, ಮತ್ತೆ ಪ್ರಯಾಣ, ಕೊನೆಗೆ 3 ಮತ್ತು 4. ಪೆನ್ನು ಹಿಡಿದು ಲೆಕ್ಕ ಹಾಕಿ. ಶಿಲ್ಲಿಂಗ್ 27ಕ್ಕೆ ಆಡಿ ನಾಲ್ಕು ದಿನ ರೆಸ್ಟ್ ತಗೊಂಡರೆ ಮುಂದಿನ ಸರದಿ ನವೆಂಬರ್ 1, ಅಂದರೆ ಐದನೇ ಮ್ಯಾಚು. ಆಮೇಲೆ ಸೀರೀಸೇ ಮುಗಿದುಹೋಗುತ್ತೆ. ಅದೇ ರೆಸ್ಟ್ ಮೂರು ದಿನಕ್ಕೆ ಇಳಿಸಿದರೆ ಒಂದು, ನಾಲ್ಕು, ಏಳು, ಮೂರೂ ಅವನಿಗೆ ಸಿಗುತ್ತೆ. ಒಂದೇ ಒಂದು ದಿನದ ವ್ಯತ್ಯಾಸಕ್ಕೆ ಒಂದು ಇಡೀ ಮ್ಯಾಚು! ಮ್ಯಾನೇಜರ್ ಬಾಬ್ ಬ್ರೆನ್ಲಿ ಆರಿಸಿಕೊಂಡದ್ದು ಇದನ್ನೇ. ಜಾನ್ಸನ್‌ಗೆ ಎರಡು ಮತ್ತು ಆರು. ಯಾಂಕೀಸ್ ಮಾತ್ರ ನಾಲ್ಕು ಸ್ಟಾರ್ಟರ್‌ಗಳನ್ನು ಸರದಿ ಪ್ರಕಾರವೇ ಇಳಿಸಿದರು.

ಮೊದಲೆರಡು ಮ್ಯಾಚು 9-1, 4-0. ಪ್ಲಾನ್ ಸೂಪರ್ ಅನ್ನಿಸಿತ್ತು. ಮೂರನೆಯದು ಯಾಂಕೀಸ್‌ಗೆ ಹೋಯಿತು. ನಿಜವಾದ ಬೆಲೆ ಕಟ್ಟಬೇಕಾಗಿ ಬಂದದ್ದು ನಾಲ್ಕನೆಯದರಲ್ಲಿ. ಶಿಲ್ಲಿಂಗ್ ಏಳು ಇನ್ನಿಂಗ್ಸ್, ಒಂದೇ ರನ್, 88 ಎಸೆತ. ಏಳನೇ ಮ್ಯಾಚಿಗೂ ಅವನು ಬೇಕಲ್ಲ, ಹಾಗಾಗಿ ಅಲ್ಲಿಗೇ ತೆಗೆದರು. ಬದಲಿಗೆ ಬಂದ ಬ್ಯುಂಗ್-ಹ್ಯುನ್ ಕಿಮ್ ಒಂಬತ್ತನೇ ಇನ್ನಿಂಗ್ಸಲ್ಲಿ ಇಬ್ಬರು ಔಟಾದ ಮೇಲೆ ಟೀನೋ ಮಾರ್ಟಿನೆಜ್‌ಗೆ ಹೋಮ್ ರನ್ ಕೊಟ್ಟ, ಸ್ಕೋರ್ ಸಮ. ಹತ್ತನೆಯದರಲ್ಲಿ ಡೆರೆಕ್ ಜೀಟರ್ ಇನ್ನೊಂದು ಬಾರಿಸಿ ಆಟ ಮುಗಿಸಿದ.

ಆ ರಾತ್ರಿ ಕಿಮ್ 60ಕ್ಕೂ ಹೆಚ್ಚು ಎಸೆತ ಹಾಕಿದ್ದ. ಮಾರನೇ ದಿನವೂ ಅವನನ್ನೇ ಕರೆದರು! ಮತ್ತೆ ಒಂಬತ್ತನೇ ಇನ್ನಿಂಗ್ಸ್, ಮತ್ತೆ ಇಬ್ಬರು ಔಟ್, ಮತ್ತೆ ಹೋಮ್ ರನ್. ಯಾಂಕೀಸ್ ಆ ಮ್ಯಾಚನ್ನು 12 ಇನ್ನಿಂಗ್ಸಲ್ಲಿ ಗೆದ್ದರು, ಸೀರೀಸ್ 3-2. ಶಿಲ್ಲಿಂಗ್‌ನ ತೆಗೆದದ್ದಕ್ಕಿಂತ ಇದೇ ದೊಡ್ಡ ತಪ್ಪು ಅಂತ ನಮ್ಮ ಅಭಿಪ್ರಾಯ. ಸ್ಟಾರ್ಟರ್‌ಗಳ ರೆಸ್ಟನ್ನು ದಿನದ ಲೆಕ್ಕದಲ್ಲಿ ಅಳೆದವರು ಕಿಮ್‌ನ ತೋಳಿನ ಲೆಕ್ಕವನ್ನೇ ಬಿಟ್ಟಿದ್ದರು.

ಆರನೇ ಮ್ಯಾಚಲ್ಲಿ ನಾಲ್ಕು ಇನ್ನಿಂಗ್ಸ್‌ಗೇ 15-0. ಆದರೂ ಜಾನ್ಸನ್‌ನ ಏಳು ಇನ್ನಿಂಗ್ಸ್ ಆಡಿಸಿದರು, 104 ಎಸೆತ. ಯಾಕೆ ಬೇಕಿತ್ತು ಸ್ವಾಮಿ? ಮಾರನೇ ದಿನ, ಏಳನೇ ಮ್ಯಾಚು. ಎಂಟನೇ ಇನ್ನಿಂಗ್ಸಲ್ಲಿ ಸೊರಿಯಾನೊ ಹೋಮ್ ರನ್ ಹೊಡೆದು ಯಾಂಕೀಸ್‌ಗೆ 2-1 ಲೀಡ್ ಕೊಟ್ಟ. ಶಿಲ್ಲಿಂಗ್ ಹೊರಗೆ. ಸ್ವಲ್ಪ ಹೊತ್ತಿಗೆ ಬುಲ್‌ಪೆನ್‌ನಿಂದ ನಡೆದು ಬಂದದ್ದು ಅದೇ ಜಾನ್ಸನ್. ಎದುರಿಸಿದ ನಾಲ್ಕೂ ಜನ ಔಟ್. ಒಂಬತ್ತನೆಯದರಲ್ಲಿ ಅರಿಝೋನಾ ಮರಿಯಾನೊ ರಿವೇರಾ ಎದುರು ಎರಡು ರನ್ ಗಳಿಸಿ 3-2ರಿಂದ ಕಪ್ ಗೆದ್ದಿತು. ಸೀರೀಸ್‌ನ ಎಂವಿಪಿ ಪ್ರಶಸ್ತಿಯನ್ನು ಇಬ್ಬರಿಗೂ ಹಂಚಿದರು.

ಇನ್ನೊಂದು ಲೆಕ್ಕ ನೀವೇ ಮಾಡಿ ನೋಡಿ. 1965ರಲ್ಲಿ ಡಾಡ್ಜರ್ಸ್‌ನ ಸ್ಯಾಂಡಿ ಕೌಫ್ಯಾಕ್ಸ್ ಮೊದಲ ಮ್ಯಾಚು ಆಡಲಿಲ್ಲ. ಅಕ್ಟೋಬರ್ 6 ಯಹೂದಿಗಳ ಯೋಮ್ ಕಿಪ್ಪುರ್ ದಿನ. ಹಾಗಾಗಿ 7ಕ್ಕೆ, 11ಕ್ಕೆ ಆಡಿ, 14ರ ಏಳನೇ ಮ್ಯಾಚಿಗೆ ಬಂದಾಗ ಅವನಿಗೆ ಎರಡೇ ದಿನ ರೆಸ್ಟ್. 6ಕ್ಕೇ ಶುರು ಮಾಡಿದ್ದರೆ 10, 14, ಎರಡೂ ಕಡೆ ಮೂರು ಮೂರು ದಿನ ಸಿಗ್ತಿತ್ತು. ಅವನಷ್ಟೇ ಹೆಸರಿದ್ದ ಡಾನ್ ಡ್ರೈಸ್‌ಡೇಲ್ ಮೂರು ದಿನ ರೆಸ್ಟ್ ಮುಗಿಸಿ ರೆಡಿ ಇದ್ದ. ಆದರೂ ಮ್ಯಾನೇಜರ್ ವಾಲ್ಟರ್ ಆಲ್‌ಸ್ಟನ್ ಕೌಫ್ಯಾಕ್ಸ್‌ನನ್ನೇ ಆರಿಸಿದರು. ಕರ್ವ್ ಬಾಲ್ ಕೈಕೊಟ್ಟಿತ್ತು, ಬರೀ ಫಾಸ್ಟ್ ಬಾಲ್ ನಂಬಿಕೊಂಡೇ ಎಸೆದ. ಮೂರೇ ಹಿಟ್, 2-0.