ದಂಡೆ ಕಾಯಲು ಒಬ್ಬರು ಸಾಲದು

ಅಕ್ಕಾರ, ನಮ್ದು ಕೂಡಲಸಂಗಮದ ಹತ್ತಿರ ಹೊಳಿ ದಂಡಿ ಊರು. ಮನ್ಯಾವ್ರು ಹಿನ್ನೀರಾಗ ಮೀನ ಹಿಡೀತಾರ, ನಾ ಮನ್ಯಾಗ ಇಳಕಲ್ ಸೀರಿ ನೇಯ್ತೀನಿ. ಸಂಘದಾಗ ನನ್ನ ಹೆಸರಿಲೆ ಸಾಲ ತಗದು ಫೈಬರ್ ಹರಗೋಲ, ಬಲಿ ತಗೊಂಡ್ವಿ. ದೀಪಾವಳಿ ಮುಂದ ದಂಡಿ ಮ್ಯಾಲ ಒಣಾ ಹಾಕಿದ ಬಲಿ ಹೋತು. ಈಗ ಹುಟ್ಟು, ಲಂಗರು ಹೋದ್ವು. ಅವತ್ತಿಂದ ಅವ್ರು ರಾತ್ರಿಯೆಲ್ಲಾ ಹರಗೋಲ ಬಾಜೂಕ ಒಬ್ರ ಮಲಗ್ತಾರ. ಕಾಕಾನ ಮಗನ ಮ್ಯಾಲ ಸಂಶಯ, ಮಾತು ಬಿಟ್ಟಾರ. ಪೊಲೀಸ್ರ ಕಡೆ ಹೋದ್ರ ಬಾಯಿಲೆ ಕೇಳಿ ಕಳಿಸಿದ್ರು. ನನಗ ಬಲಿಗಿಂತ ಅವ್ರದ ಚಿಂತಿ. ಏನ ಮಾಡ್ಲಿ?
– ಹೆಸರು ಬ್ಯಾಡ, ಹುನಗುಂದ ತಾಲ್ಲೂಕು

ತಂಗೀ,

ಹರಗೋಲಿನ ಮಾತು ಆಮೇಲೆ, ಮೊದಲು ನಿಮ್ಮ ಮನೆಯವರದು. ಇವತ್ತಿನಿಂದಲೇ ಅವರು ದಂಡೆಯಲ್ಲಿ ಒಬ್ಬರೇ ಮಲಗುವುದು ನಿಲ್ಲಬೇಕು. ಕೃಷ್ಣೆಯಲ್ಲಿ ಮೊಸಳೆಗಳಿವೆ, ಅವು ದಂಡೆಗೂ ಬರುತ್ತವೆ; ಇದು ನಿಮ್ಮೂರಿನ ಹುಡುಗರಿಗೂ ಗೊತ್ತಿರುವ ಮಾತು. ಮಳೆಗಾಲದಲ್ಲಿ ಆಲಮಟ್ಟಿಯ ಗೇಟು ತೆಗೆದರೆ ನೀರು ರಾತ್ರೋರಾತ್ರಿ ಏರುತ್ತದೆ. ಕಳ್ಳ ಒಬ್ಬನೇ ಬರುತ್ತಾನೆಂಬ ಖಾತ್ರಿಯೂ ಇಲ್ಲ. ಬಲೆಗೆ ಇನ್ನೊಮ್ಮೆ ಸಾಲ ಹುಟ್ಟೀತು, ಅವರಿಗೇನಾದರೂ ಆದರೆ ಏನು ಮಾಡುತ್ತೀರಿ? ಈ ಮಾತನ್ನು ನನ್ನ ಹೆಸರು ಹೇಳಿಯೇ ಅವರಿಗೆ ಓದಿ ತೋರಿಸಿ.

ಇದರ ಜೊತೆಗೇ ಇನ್ನೊಂದು ಕೆಲಸ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನುಗಾರರಿಗೆ ಗುಂಪು ಅಪಘಾತ ವಿಮೆ ಇದೆ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ ರೂಪಾಯಿ, ಅಪಘಾತದಲ್ಲಿ ಆಸ್ಪತ್ರೆ ಸೇರಿದರೆ 25 ಸಾವಿರದವರೆಗೆ. ಕಂತನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳೇ ಕಟ್ಟುತ್ತವೆ. ನಿಮ್ಮವರ ಹೆಸರು ಅದರಲ್ಲಿದೆಯೇ ಎಂದು ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ ತಿಳಿದುಕೊಳ್ಳಿ. ಇದು ಆಳಿಗೆ ಇರುವ ವಿಮೆ, ಕಳುವಾದ ಬಲೆಗೆ ಇದರಿಂದ ಏನೂ ಬರುವುದಿಲ್ಲ.

ಇನ್ನು ಕಳವಿನ ವಿಚಾರ. ಮಲ್ಪೆಯಲ್ಲಿ ದೋಣಿಗಳಿಗೆ ಬಂದರು ಇದೆ, ದೀಪ ಇದೆ, ಇರುಳೂ ಜನ ಓಡಾಡುತ್ತಾರೆ. ನಮ್ಮ ಹಿನ್ನೀರಿಗೆ ಗಟ್ಟಿಯಾದ ದಂಡೆಯೇ ಇಲ್ಲ. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿದಾಗ ನೀರು ಕೂಡಲಸಂಗಮದವರೆಗೆ ಬಂದು ನಿಂತಿತು. ಬಸವಣ್ಣನವರ ಐಕ್ಯಮಂಟಪವನ್ನು ಉಳಿಸಿಕೊಳ್ಳಲು ಸುತ್ತ ಬಾವಿಯ ಹಾಗೆ ಗೋಡೆ ಕಟ್ಟಬೇಕಾಯಿತು. ಆ ನೀರು ವರ್ಷವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಮಳೆಗಾಲದಲ್ಲಿ ಹೊಲದ ಬದುವಿಗೆ ಬರುತ್ತದೆ, ಬೇಸಿಗೆಯಲ್ಲಿ ಕೆಸರು ಬಿಟ್ಟು ದೂರ ಸರಿಯುತ್ತದೆ. ಹರಗೋಲು ಅದರ ಹಿಂದೆ ಹೋಗಲೇಬೇಕು, ಊರಿನ ಕಣ್ಣಿಂದ ದೂರ. ಬಾಗಲಕೋಟೆಯ ಸುತ್ತ ಘಟಪ್ರಭೆಯಲ್ಲಿ ನಿಲ್ಲುವ ಆಲಮಟ್ಟಿಯ ಹಿನ್ನೀರಿನಲ್ಲೂ ಇದೇ ಪಾಡು. ಹಾಗಾಗಿ ಬೇಸಿಗೆಗೆ ಒಂದು ಏರ್ಪಾಡು, ಮಳೆಗಾಲಕ್ಕೆ ಇನ್ನೊಂದು ಬೇಕು.

ಹುಟ್ಟು ದಿನವೂ ಮನೆಗೆ ಬರಲಿ. ಹುಟ್ಟಿಲ್ಲದ ಹರಗೋಲನ್ನು ಸಾಗಿಸುವುದು ಕಷ್ಟ, ಖರ್ಚಿಲ್ಲದ ಕಾವಲು ಇದು. ಲಂಗರು ಮತ್ತು ಬಲೆಯ ಸೀಸದ ಗುಂಡುಗಳಿಗೆ ಗುಜರಿಯಲ್ಲಿ ಬೆಲೆ ಇದೆ, ಅವನ್ನೂ ದಂಡೆಯಲ್ಲಿ ಬಿಡಬೇಡಿ. ಬಲೆಯನ್ನು ಮನೆಯ ಮುಂದೆಯೇ ಒಣಗಿಸಿ. ಹೊರುವುದು ಭಾರವೆಂದು ದಂಡೆಯಲ್ಲೇ ಹರವುವುದು ರೂಢಿ, ನಿಮ್ಮ ಬಲೆ ಹೋದದ್ದೂ ಹಾಗೆಯೇ.

ಉಳಿಯುವುದು ಹರಗೋಲು. ಅದರ ಅಂಚಿನಲ್ಲಿ, ನೀರು ತಾಗದ ಎತ್ತರಕ್ಕೆ, ಫೈಬರ್ ಕೆಲಸದವರಿಂದ ಒಂದು ಕಬ್ಬಿಣದ ಕೊಂಡಿ ಕೂಡಿಸಿ. ನಾಲ್ಕೈದು ಮನೆಯವರು ಹರಗೋಲುಗಳನ್ನು ಒಂದೇ ಕಡೆ ಬೋರಲು ಹಾಕಿ, ಎಲ್ಲ ಕೊಂಡಿಗಳಲ್ಲಿ ಒಂದೇ ಸರಪಳಿ ಹಾಯಿಸಲಿ. ಸರಪಳಿಯ ಎರಡು ತುದಿ ಸೇರುವಲ್ಲಿ ಒಂದು ಬೀಗದ ಕಿವಿಗೆ ಇನ್ನೊಂದು ಬೀಗ ಪೋಣಿಸುತ್ತ ಹೋದರೆ, ಮನೆಗೊಂದು ಬೀಗವಾಗುತ್ತದೆ. ಯಾರು ತಮ್ಮ ಬೀಗ ತೆಗೆದರೂ ಸರಪಳಿ ಬಿಚ್ಚಿಕೊಳ್ಳುತ್ತದೆ, ಇನ್ನೊಬ್ಬರ ಕೀಲಿಗೆ ಕಾಯಬೇಕಿಲ್ಲ. ಒಬ್ಬರು ಮರಳಿ ಹಾಕಲು ಮರೆತರೆ ಎಲ್ಲರ ಹರಗೋಲೂ ಬಯಲಿಗೆ ಬೀಳುತ್ತವೆ ಎಂಬುದೂ ನಿಜ. ಪರಸ್ಪರ ನಂಬಿಕೆ ಇದ್ದವರು ಮಾತ್ರ ಮಾಡಬಹುದಾದ ಕೆಲಸ ಇದು. ಮಳೆಗಾಲದಲ್ಲಿ ಸರಪಳಿಯನ್ನು ನೀರಂಚಿನ ಗೂಟಕ್ಕೆ ಬಿಗಿಯಲೇಬೇಡಿ. ನೀರು ಏರಿದಾಗ ಹರಗೋಲು ಅಲ್ಲೇ ಮುಳುಗುತ್ತದೆ. ನೆರೆ ಮುಟ್ಟದ ಎತ್ತರದಲ್ಲಿರುವ ಮರವನ್ನು ಆರಿಸಿಕೊಳ್ಳಿ.

ಗುರುತಿನ ಕೆಲಸ ನಿಮ್ಮ ಕೈಯದೇ ಆಗಲಿ. ಮಗ್ಗದಲ್ಲಿ ಕೂತು ಎಳೆ ಎಳೆ ನೋಡುವವರು ನೀವು. ಬಲೆಯ ಮೇಲಿನ ಹಗ್ಗಕ್ಕೆ ಎರಡು ಮೂರು ಮಾರಿಗೊಂದರಂತೆ ಎರಡು ಬಣ್ಣದ ನೈಲಾನ್ ದಾರವನ್ನು ನಿಮಗಷ್ಟೇ ಬರುವ ರೀತಿಯಲ್ಲಿ ಹೆಣೆದು ಗಂಟು ಹಾಕಿ. ಕಳ್ಳ ಒಂದೆರಡು ಕತ್ತರಿಸಿಯಾನು, ಎಲ್ಲವನ್ನೂ ಹುಡುಕಿ ಕತ್ತರಿಸುವ ತಾಳ್ಮೆ ಅವನಿಗಿರುವುದಿಲ್ಲ. ಹುಟ್ಟಿಗೆ ಕಾಯಿಸಿದ ಕಬ್ಬಿಣದಿಂದ ಹೆಸರು ಸುಡಿ. ಹರಗೋಲಿನ ಒಳಗೆ ಕಾಣುವಂತೆ ಒಂದು ಗುರುತು, ಕಾಣದಂತೆ ಇನ್ನೊಂದು. ಎಲ್ಲದರ ಫೋಟೊ ಮೊಬೈಲಿನಲ್ಲಿರಲಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೂ ಬಲೆಗಳಿಗೆ ಗುರುತು ಹಾಕಬೇಕೆಂದು 2018ರಲ್ಲಿ ಮಾರ್ಗಸೂಚಿಯನ್ನೇ ಒಪ್ಪಿಕೊಂಡಿದೆ.

ಈಗ ಕಾಕಾನ ಮಗನ ಮಾತು. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಅವನೇ ಕದ್ದನೆಂಬುದಕ್ಕೆ ಪುರಾವೆಯ ಒಂದು ಮಾತೂ ನೀವು ಬರೆದಿಲ್ಲ. ಕಳ್ಳನಿಗೆ ಬೇಕಾದದ್ದು ಯಾರದು ಏನೆಂದು ಯಾರೂ ಕೇಳದ ದಂಡೆ. ನಿಮ್ಮವರು ಮಾತು ಬಿಟ್ಟ ದಿನದಿಂದ ನಿಮ್ಮ ದಂಡೆ ಹಾಗೇ ಆಗುತ್ತಿದೆ. ಪಕ್ಕದಲ್ಲೇ ಬಲೆ ಬಿಡುವವನು ನಿಮ್ಮ ಹರಗೋಲಿನ ಹತ್ತಿರ ಅಪರಿಚಿತರು ಸುಳಿದಾಡಿದ್ದನ್ನು ಕಂಡರೂ ಬಂದು ಹೇಳಲಾರ. ಮೀನುಗಾರರ ಸಹಕಾರ ಸಂಘದಲ್ಲೋ ಊರ ಹಿರಿಯರ ಮುಂದೋ ಸಭೆ ಕರೆಸಿ. ಅಲ್ಲಿ ಯಾರ ಹೆಸರೂ ಬರಬಾರದು; ‘ನಮ್ಮದು ಹೋಗಿದೆ, ನಾಳೆ ನಿಮ್ಮದು’ ಎಂಬಷ್ಟೇ ಮಾತು. ಬಲೆ ನೀರಲ್ಲಿರುವ ಕಾಲಕ್ಕೆ ಇಬ್ಬಿಬ್ಬರಂತೆ ಪಾಳಿ ಗೊತ್ತುಮಾಡಿ, ಕಾವಲು ಕೂರುವುದು ನೀರಂಚಿನಲ್ಲಲ್ಲ, ಮೇಲಿನ ಗಟ್ಟಿ ನೆಲದಲ್ಲಿ. ಬಲೆ ಎತ್ತುವುದೂ ಎಲ್ಲರದು ಒಂದೇ ಹೊತ್ತಿಗೆ ಇರಲಿ. ಮೊದಲ ಪಾಳಿಗೆ ನಿಮ್ಮವರ ಜೊತೆ ಆ ತಮ್ಮನೇ ಬರಲಿ ಎಂದು ನನ್ನ ಆಸೆ. ಅದು ಅವರಿಗೆ ಕಷ್ಟವೆನಿಸಿದರೆ ನೀವೇ ಒಮ್ಮೆ ಅವನ ಹೆಂಡತಿಯ ಹತ್ತಿರ ಹೋಗಿ ಮಾತಾಡಿ ಬನ್ನಿ.

ಪೊಲೀಸರ ವಿಷಯದಲ್ಲಿ ಬಾಯಿಮಾತಿಗೆ ನಿಲ್ಲಬೇಡಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಕಳವು 303ನೇ ಕಲಮಿಗೆ ಬರುತ್ತದೆ. ಕದ್ದ ಮಾಲೆಂದು ಗೊತ್ತಿದ್ದೂ ಕೊಳ್ಳುವುದು 317ನೇ ಕಲಮಿನಡಿ ಅಪರಾಧ. ಇಲ್ಲಿ ಬಹಳ ಜನರಿಗೆ ತಿಳಿಯದ ಒಂದು ಸೂಕ್ಷ್ಮವಿದೆ. ಕಳುವಾದದ್ದರ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದರೆ, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಅದಕ್ಕೇ ಬಲೆ ಕೊಂಡ ರಸೀದಿ, ಸಂಘದ ಸಾಲದ ಪುಸ್ತಕ ಹುಡುಕಿಡಿ. ದೂರಿನಲ್ಲಿ ಬೆಲೆ ಇದ್ದಷ್ಟೇ ಬರೆಯಿರಿ, ಒಂದು ರೂಪಾಯಿಯೂ ಹೆಚ್ಚು ಬೇಡ. ಎರಡು ಕಳವಿಗೆ ಎರಡು ಬೇರೆ ದೂರು. ಬಲೆಯದನ್ನು ಇಷ್ಟು ತಡವಾಗಿ ಏಕೆ ಕೊಡುತ್ತಿದ್ದೀರಿ ಎಂಬ ಕಾರಣವೂ ಅದರಲ್ಲಿರಲಿ. ಸಂಶಯದ ಮೇಲೆ ಯಾರ ಹೆಸರೂ ಬರೆಯಬೇಡಿ. ಎಫ್‌ಐಆರ್ ಆದರೆ ಅದರ ಪ್ರತಿಯನ್ನು ಪುಕ್ಕಟೆ ಕೊಡಬೇಕು. ತನಿಖೆ ಮಾಡಬಹುದಾದ ಪ್ರಕರಣವನ್ನೂ ದಾಖಲಿಸಲು ಒಪ್ಪದಿದ್ದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಅದೇ ದೂರನ್ನು ಬಾಗಲಕೋಟೆಯ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಬಹುದು. ರಿಜಿಸ್ಟರ್ ಮಾಡಿಸಿ, ಚೀಟಿ ಜೋಪಾನವಾಗಿಡಿ.

ಸಾಲ ನಿಮ್ಮ ಹೆಸರಿನಲ್ಲಿದೆ, ಅದನ್ನು ಮುಚ್ಚಿಟ್ಟುಕೊಂಡು ಒಬ್ಬರೇ ಕೊರಗಬೇಡಿ. ಕಂತು ತಪ್ಪುವ ಮೊದಲೇ ಸಂಘದ ಸಭೆಯಲ್ಲಿ ದೂರಿನ ಪ್ರತಿ ಇಟ್ಟು, ಕಂತನ್ನು ಚಿಕ್ಕದು ಮಾಡಿ ಅವಧಿ ಬೆಳೆಸಿಕೊಡಿ ಎಂದು ಕೇಳಿ. ತಪ್ಪಿದ ಮೇಲೆ ಕೇಳುವುದಕ್ಕಿಂತ ಇದು ಹಗುರ. ದೂರು ಬರೆಯುವಾಗ ತೊಡಕಾದರೆ ಅದರ ಕರಡನ್ನೇ ನನಗೆ ಕಳಿಸಿ, ನೋಡಿ ತಿದ್ದಿ ಕೊಡುತ್ತೇನೆ.